ಅಂಗವಿಕಲರ ಪಾರ್ಕಿಂಗ್ ಪರ್ಮಿಟ್ ಎಲ್ಲಿ ಮಾಡಿಸುದು? ಸೆಕ್ಯುರಿಟಿಯವ ಜಾಗ ಬಿಡದಿದ್ರೆ ಎಂತ ಮಾಡುದು?

ಪ್ರಶ್ನೆ: ನಮ್ಮದು ಉಡುಪಿ ಕುಂಜಿಬೆಟ್ಟು. ಅಮ್ಮನಿಗೆ ಸ್ಟ್ರೋಕ್ ಆಗಿ ಬಲಬದಿ ಸ್ವಾಧೀನ ಇಲ್ಲ, ವೀಲ್‌ಚೇರಲ್ಲೇ ಇರೋದು. ಯುಡಿಐಡಿ ಕಾರ್ಡ್, ಅಂದ್ರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ ಉಂಟು, ಅದರಲ್ಲಿ ಅಂಗವೈಕಲ್ಯ 75 ಪರ್ಸೆಂಟ್ ಅಂತ ಹಾಕಿದ್ದಾರೆ. ಚೆಕಪ್‌ಗೆ ಮಂಗಳೂರಿನ ಒಂದು ಆಸ್ಪತ್ರೆಗೆ ಕರ್ಕೊಂಡು ಹೋಗ್ತೇವೆ. ಅಲ್ಲಿ ವೀಲ್‌ಚೇರ್ ಚಿತ್ರ ಬಿಡಿಸಿದ ಪಾರ್ಕಿಂಗ್ ಉಂಟು, ಆದ್ರೆ ಸೆಕ್ಯುರಿಟಿಯವ "ಗಾಡಿ ಬಿಡುವವರು ಅಂಗವಿಕಲರಾಗಿದ್ರೆ ಮಾತ್ರ, ಇಲ್ಲಾಂದ್ರೆ ಪರ್ಮಿಟ್ ತೋರ್ಸಿ" ಅಂತಾನೆ. ಅದೇ ಜಾಗದಲ್ಲಿ ಸ್ಟಿಕ್ಕರ್ ಹಾಕಿದ ಒಂದು ದೊಡ್ಡ ಗಾಡಿ ನಿಂತಿತ್ತು, ಅದರಿಂದ ಇಳಿದವರು ಸಲೀಸಾಗಿ ನಡ್ಕೊಂಡು ಹೋದ್ರು. ಹೊರಗಿದ್ದ ಟ್ರಾಫಿಕ್ ಪೊಲೀಸ್‌ಗೆ ಹೇಳಿದ್ರೆ "ಅದು ಪ್ರೈವೇಟ್ ಜಾಗ" ಅಂದ್ರು. ತಮ್ಮ ದುಬೈಯಲ್ಲಿದ್ದಾನೆ, ಅಲ್ಲಿಯ ಹಾಗೆ ಪರ್ಮಿಟ್ ಮಾಡಿಸಿಕೊಳ್ಳಿ ಅಂತಾನೆ. ಆರ್‌ಟಿಒದಲ್ಲಿ ಕೇಳಿದ್ರೆ ಅಂತದ್ದೆಂತ ಇಲ್ಲ ಅಂದ್ರು. ಯಾರು ಹೇಳುದು ಸರಿ?

ಉತ್ತರ:

ಆರ್‌ಟಿಒದವರು ಹೇಳಿದ್ದು ಸರಿ. ನಮ್ಮ ದೇಶದಲ್ಲಿ ಎಲ್ಲ ಕಡೆ ನಡೆಯುವ ಹಾಗಿನ ಅಂಗವಿಕಲರ ಪಾರ್ಕಿಂಗ್ ಪರ್ಮಿಟ್ ಅಂತ ಕಾನೂನಲ್ಲಿ ಒಂದು ವ್ಯವಸ್ಥೆಯೇ ಇಲ್ಲ. ಹಾಗಾಗಿ ಆ ಸೆಕ್ಯುರಿಟಿಯವ ಕೇಳಿದ್ದು ಇಲ್ಲದ ಕಾಗದ, ನಿಮ್ಮ ತಮ್ಮ ಹೇಳಿದ್ದು ಇನ್ನೊಂದು ದೇಶದ ಕಾಗದ. ಟ್ರಾಫಿಕ್‌ನವರು ಹೇಳಿದ್ದು ಅರ್ಧ ಸರಿ, ಅದಕ್ಕೆ ಆಮೇಲೆ ಬರ್ತೇನೆ.

ಮೊದಲು ತಮ್ಮನ ಮಾತು ತಗೊಳ್ಳುವ, ಯಾಕಂದ್ರೆ ನಮ್ಮ ಕಡೆ ಮನೆಗೊಬ್ಬರು ಗಲ್ಫಲ್ಲಿ ಇರೋದ್ರಿಂದ ಈ ಕನ್‌ಫ್ಯೂಶನ್ ತುಂಬಾ ಜನಕ್ಕೆ ಉಂಟು. ದುಬೈಯಲ್ಲಿ ಅಲ್ಲಿಯ ಸಾರಿಗೆ ಪ್ರಾಧಿಕಾರವೇ ಪರ್ಮಿಟ್ ಕೊಡ್ತದೆ, ಅದಿಲ್ಲದೆ ಆ ಜಾಗದಲ್ಲಿ ಗಾಡಿ ಇಟ್ರೆ 1000 ದಿರಂ ಫೈನ್, ಅದರ ಮೇಲೆ ಲೈಸೆನ್ಸಿಗೆ 6 ಬ್ಲ್ಯಾಕ್ ಪಾಯಿಂಟ್. ಬ್ರಿಟನ್ನಲ್ಲಿ ಬ್ಲೂ ಬ್ಯಾಡ್ಜ್ ಅಂತ ಉಂಟು, 1970ರ ಕಾಯ್ದೆಯಿಂದ ಶುರುವಾದದ್ದು, ಮೊದಲು ಕಿತ್ತಳೆ ಬಣ್ಣದ್ದಿತ್ತು. ಆ ಬ್ಯಾಡ್ಜ್ ಗಾಡಿಗೆ ಕೊಡುದಲ್ಲ, ಮನುಷ್ಯನಿಗೆ ಕೊಡುದು. ಅಮ್ಮನ ಹೆಸರಲ್ಲಿದ್ರೆ ಅಮ್ಮ ಯಾರ ಕಾರಲ್ಲಿ ಕೂತ್ರೂ ಆ ಕಾರಿಗೆ ಹಾಕ್ಬಹುದು, ಟ್ಯಾಕ್ಸಿಗೂ ಹಾಕ್ಬಹುದು, ಅಮ್ಮ ಇಲ್ಲದಾಗ ಮಗ ಹಾಕಿಕೊಂಡು ಶಾಪಿಂಗ್ ಹೋದ್ರೆ 1000 ಪೌಂಡ್ ವರೆಗೆ ಫೈನ್. ಅಮೆರಿಕದಲ್ಲಿ ಕನ್ನಡಿಗೆ ನೇತು ಹಾಕುವ ಪ್ಲಕಾರ್ಡ್ ಕೊಡ್ತಾರೆ, ಆಯಾ ರಾಜ್ಯದವರು ಕೊಡುದು, ಕಾಲು ಮುರಿದು ನಾಲ್ಕು ತಿಂಗಳು ಒದ್ದಾಡುವವರಿಗೆ ತಾತ್ಕಾಲಿಕದ್ದೂ ಸಿಗ್ತದೆ. ಇದು ಯಾವುದಕ್ಕೂ ಇಲ್ಲಿ ಕಾನೂನಿನ ಬೆಲೆ ಇಲ್ಲ. ತಮ್ಮ ಅಲ್ಲಿಂದ ಒಂದು ತಂದು ಕೊಟ್ರೂ ನಿಮ್ಮ ಕಾರಿನ ಗಾಜಿನ ಮೇಲೆ ಚಂದ ಕಾಣ್ಬಹುದು ಅಷ್ಟೇ.

ಹಾಗೇ ಇಲ್ಲಿ ಆನ್‌ಲೈನಲ್ಲಿ, ಕಾರಿನ ಆಕ್ಸೆಸರಿ ಅಂಗಡಿಯಲ್ಲಿ ಸಿಗುವ ನೀಲಿ ಸ್ಟಿಕ್ಕರ್‌ಗೂ ಕಾನೂನಲ್ಲಿ ಜಾಗ ಇಲ್ಲ. ದುಡ್ಡು ಕೊಟ್ಟವರಿಗೆಲ್ಲ ಕೊಡ್ತಾರೆ, ಯಾವ ಕಾರ್ಡೂ ಕೇಳುದಿಲ್ಲ. ಸೆಕ್ಯುರಿಟಿಯವ ಆ ದೊಡ್ಡ ಗಾಡಿಯ ಸ್ಟಿಕ್ಕರ್ ನೋಡಿ ಬಿಟ್ಟದ್ದು, ನಿಮ್ಮ ಸೀಟಲ್ಲಿ ಕೂತ ಅಮ್ಮನನ್ನು ನೋಡಿಯೂ ಬಿಡದ್ದು, ಇದು ನೋಡಿ ನಮ್ಮ ಊರಿನ ಕತೆ.

ಹಾಗಾದ್ರೆ ನಿಮ್ಮ ಹತ್ರ ಇರುವ ಆಧಾರ ಯಾವುದು? ಅಮ್ಮನ ಯುಡಿಐಡಿ ಕಾರ್ಡ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು, ಅದರಲ್ಲಿ 21 ಬಗೆಯ ಅಂಗವೈಕಲ್ಯ ಲೆಕ್ಕಕ್ಕೆ ತಗೊಂಡಿದ್ದಾರೆ, 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಬೆಂಚ್‌ಮಾರ್ಕ್ ಅಂಗವೈಕಲ್ಯ. ಅಮ್ಮ 75ರಲ್ಲಿ ಇರೋದ್ರಿಂದ ಆ ಬಗ್ಗೆ ಯಾರೂ ತಕರಾರು ಮಾಡ್ಲಿಕ್ಕೆ ಆಗುದಿಲ್ಲ. 2024ರ ಅಕ್ಟೋಬರಲ್ಲಿ ನಿಯಮ ತಿದ್ದುಪಡಿ ಆಗಿ ಕಾರ್ಡಿಗೆ ಬಣ್ಣ ಬಂದಿದೆ, 40ಕ್ಕಿಂತ ಕಮ್ಮಿ ಇದ್ರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಕೆಲವರು "ನೀಲಿ ಕಾರ್ಡ್ ಇದ್ರೆ ಮಾತ್ರ ಪಾರ್ಕಿಂಗ್" ಅಂತ ಹೇಳ್ತಾರೆ, ಅದು ಪೊಕ್ಕಡೆ ಮಾತು, ಬಣ್ಣಕ್ಕೂ ಪಾರ್ಕಿಂಗಿಗೂ ಸಂಬಂಧ ಇಲ್ಲ. ಕಾರ್ಡ್ ಡಿಜಿಲಾಕರಲ್ಲಿ ಹಾಕಿಡಿ, ಫೋನಲ್ಲೇ ತೋರಿಸ್ಬಹುದು. ಜೆರಾಕ್ಸ್ ತೆಗೆದು ಡ್ಯಾಶ್‌ಬೋರ್ಡ್ ಮೇಲೆ ಇಡ್ಲಿಕ್ಕೆ ಹೋಗ್ಬೇಡಿ, ಅದರಲ್ಲಿ ಅಮ್ಮನ ಫೋಟೋ, ನಂಬರ್ ಎಲ್ಲ ಇರ್ತದೆ, ದಾರಿಯಲ್ಲಿ ಹೋಗುವವರಿಗೆಲ್ಲ ಅದು ಯಾಕೆ.

ಇನ್ನು "ಡ್ರೈವರ್ ಅಂಗವಿಕಲ ಆಗಿರ್ಬೇಕು" ಅನ್ನುವ ಮಾತು. ಈ ಒಂದು ಮಾತು ಎಲ್ಲಿಂದ ಹುಟ್ಟಿತೋ ದೇವರಿಗೇ ಗೊತ್ತು, ಮಂಗಳೂರಿಂದ ಕುಂದಾಪುರದ ತನಕ ಎಲ್ಲ ಸೆಕ್ಯುರಿಟಿಯವರ ಬಾಯಲ್ಲೂ ಇದೇ. ನನ್ನ ಅಂದಾಜು, ಹಿಂದೆ ಅಂಗವಿಕಲರ ಗಾಡಿ ಅಂದ್ರೆ ಹಿಂದೆ ಎರಡು ಚಕ್ರ ಜಾಸ್ತಿ ಹಾಕಿದ ಸ್ಕೂಟರ್ ಅಂತಲೇ ಎಲ್ಲರ ತಲೆಯಲ್ಲಿ ಇದ್ದದ್ದು, ಅದನ್ನು ಬಿಡುವವರು ಅವರೇ ಆಗಿರ್ತಾರೆ, ಅಲ್ಲಿಂದ ಬಂದಿರ್ಬೇಕು. ಕಾನೂನಲ್ಲಿ ಹಾಗೆ ಎಲ್ಲೂ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಾಗ ಅಡಾಪ್ಟೆಡ್ ವೆಹಿಕಲ್ ಅಂದ್ರೆ ಎಂತ ಅಂತ ಸೇರಿಸಿದ್ರು, ಅಂಗವೈಕಲ್ಯ ಇರುವ ವ್ಯಕ್ತಿ ತಾನೇ ಬಳಸುವ ಅಥವಾ ಅವರಿಗೋಸ್ಕರ ಮಾತ್ರ ಬಳಸುವ, ಅದಕ್ಕೆ ತಕ್ಕ ಹಾಗೆ ಮಾಡಿಸಿದ ಗಾಡಿ. "ಅವರಿಗೋಸ್ಕರ" ಅಂತ ಕಾಯ್ದೆಯೇ ಹೇಳುವಾಗ ಡ್ರೈವರ್ ಬೇರೆಯವರು ಇರ್ಬಹುದು ಅಂತ ಅರ್ಥ ಆಯ್ತಲ್ಲ. ಅದೂ ಬೇಡ, ಪಾರ್ಕಿಂಗ್ ಜಾಗಕ್ಕೆ ಅಡಾಪ್ಟೆಡ್ ವೆಹಿಕಲ್ಲೇ ಆಗ್ಬೇಕು ಅಂತಲೂ ಇಲ್ಲ, ಆ ಜಾಗ ಇರುವುದು ವ್ಯಕ್ತಿಗೆ. ಸ್ವಲ್ಪ ಯೋಚನೆ ಮಾಡಿದ್ರೆ ಡ್ರೈವರ್ ಮಾತ್ರ ಅನ್ನುದು ಎಷ್ಟು ಪೆದ್ದುತನ ಅಂತ ಗೊತ್ತಾಗ್ತದೆ, ಸ್ಟ್ರೋಕ್ ಆದವರು, ಪಾರ್ಕಿನ್ಸನ್ ಇರುವವರು, ದೃಷ್ಟಿ ಇಲ್ಲದವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಇವರೆಲ್ಲ ಕಾರು ಬಿಟ್ಟುಕೊಂಡು ಬರ್ತಾರಾ?

ಆರ್‌ಸಿ ವಿಷಯ ಒಂದು ಹೇಳಿ ಮುಗಿಸ್ತೇನೆ. 2020ರ ಅಕ್ಟೋಬರಿಂದ ಗಾಡಿ ರಿಜಿಸ್ಟ್ರೇಶನ್ ಫಾರ್ಮಲ್ಲಿ ಓನರ್‌ಶಿಪ್ ಬಗ್ಗೆ ದಿವ್ಯಾಂಗಜನ ಅಂತ ಒಂದು ಕಾಲಂ ಬಂದಿದೆ. ಕಾರು ಅಮ್ಮನ ಹೆಸರಲ್ಲಿ ತಗೊಳ್ಳುವ ಯೋಚನೆ ಇದ್ರೆ ಆಗ ಅದನ್ನು ಸರಿಯಾಗಿ ತುಂಬಿಸಿ, ನಾಳೆ ರಿಯಾಯಿತಿ ಕೇಳ್ಲಿಕ್ಕೆ ಆಧಾರ ಆಗ್ತದೆ. ಹೆಜಮಾಡಿ ಟೋಲಲ್ಲಿ ಕೆಲವರು ಯುಡಿಐಡಿ ತೋರಿಸಿ ಜಗಳ ಮಾಡ್ತಾರೆ, ಅದು ಪ್ರಯೋಜನ ಇಲ್ಲ, ಅಲ್ಲಿ ವಿನಾಯಿತಿ ಇರುವುದು ಅಂಗವಿಕಲರಿಗೆ ಅಂತಲೇ ಮಾಡಿದ, ಆರ್‌ಸಿಯಲ್ಲಿ ಹಾಗೆ ನಮೂದಾದ ಗಾಡಿಗೆ, ಕಾರ್ಡಿಗಲ್ಲ. ಪಾರ್ಕಿಂಗ್ ಬೇರೆ, ಟೋಲ್ ಬೇರೆ.

ಈಗ ಮುಖ್ಯ ವಿಷಯ. ಜನ ಎಲ್ಲ ಆ ಜಾಗದಲ್ಲಿ ನಿಂತ ಕಾರಿನ ಹಿಂದೆ ಬೀಳ್ತಾರೆ, ಫೋಟೋ ತೆಗೀತಾರೆ, ಪೊಲೀಸರಿಗೆ ಕಳಿಸ್ತಾರೆ. ನಾನು ಹೇಳುದು ಕಾರಿನ ಹಿಂದೆ ಹೋಗ್ಬೇಡಿ, ಬಿಲ್ಡಿಂಗಿನ ಹಿಂದೆ ಹೋಗಿ. ಯಾಕೆ ಅಂತ ಹೇಳ್ತೇನೆ.

ಕಾರಿಗೆ ಫೈನ್ ಹಾಕ್ಬೇಕಾದ್ರೆ ಮೋಟಾರು ವಾಹನ ಕಾಯ್ದೆಯಲ್ಲಿ ದಾರಿ ಹೀಗೆ. 116ನೇ ಸೆಕ್ಷನ್ ಪ್ರಕಾರ ಬೋರ್ಡ್ ಹಾಕ್ಬೇಕು, 117ರ ಪ್ರಕಾರ ಪಾರ್ಕಿಂಗ್ ಜಾಗ ಯಾವುದು ಅಂತ ನಿಗದಿ ಆಗ್ಬೇಕು, ಮಂಗಳೂರು ಸಿಟಿಯಲ್ಲಾದ್ರೆ ಪೊಲೀಸ್ ಕಮಿಷನರ್, ಉಡುಪಿಯಲ್ಲಾದ್ರೆ ಜಿಲ್ಲಾಧಿಕಾರಿ ಕಡೆಯಿಂದ ಅಧಿಸೂಚನೆ ಬರ್ಬೇಕು. ಅಷ್ಟಾದ ಮೇಲೆ ಬೋರ್ಡ್ ಮೀರಿದವರಿಗೆ 119 ಮತ್ತು 177, ಅಂದ್ರೆ ಮೊದಲ ಸಲ 500 ರೂಪಾಯಿ ವರೆಗೆ, ಮತ್ತೆ ಮಾಡಿದ್ರೆ 1500 ವರೆಗೆ. ಪಾರ್ಕಿಂಗ್ ನಿಷೇಧ ಇರುವಲ್ಲಿ ನಿಲ್ಲಿಸಿದ್ರೆ 127ರಲ್ಲಿ ಟೋ ಮಾಡ್ಬಹುದು, ಚಕ್ರಕ್ಕೆ ಲಾಕ್ ಹಾಕ್ಬಹುದು. ಅಂಗವಿಕಲರ ಜಾಗ ಕಬಳಿಸಿದ್ದಕ್ಕೆ ಅಂತ ಬೇರೆ ದೊಡ್ಡ ಫೈನ್ ಕಾಯ್ದೆಯಲ್ಲಿ ಇಲ್ಲ. ದುಬೈಯ 1000 ದಿರಂ ಎಲ್ಲಿ, ಈ 500 ರೂಪಾಯಿ ಎಲ್ಲಿ.

ಅಧಿಸೂಚನೆ ಇಲ್ಲದೆ ನೆಲಕ್ಕೆ ನೀಲಿ ಪೇಂಟ್ ಬಳಿದು ವೀಲ್‌ಚೇರ್ ಚಿತ್ರ ಬಿಡಿಸಿದ್ರೆ ಪೊಲೀಸರ ಕೈಗೆ ಅದು ಹಿಡಿ ಕೊಡುದಿಲ್ಲ, ಅದು ಮಾಲೀಕರ ವ್ಯವಸ್ಥೆ ಅಷ್ಟೇ. ಆಸ್ಪತ್ರೆ ಕಾಂಪೌಂಡಲ್ಲಿ ಆದದ್ದೂ ಅದೇ. ಟ್ರಾಫಿಕ್‌ನವರು ಹೇಳಿದ್ದು ಅರ್ಧ ಸರಿ ಅಂದದ್ದು ಇದಕ್ಕೇ. ಆದ್ರೆ "ಪ್ರೈವೇಟ್ ಜಾಗ, ನಮಗೆ ಸಂಬಂಧ ಇಲ್ಲ" ಅನ್ನುದು ಪೂರ್ತಿ ಸರಿ ಅಲ್ಲ, ಕಾಯ್ದೆಯ 2(34)ರಲ್ಲಿ ಸಾರ್ವಜನಿಕ ಸ್ಥಳ ಅಂದ್ರೆ ಬರೇ ರೋಡ್ ಅಲ್ಲ, ಜನರಿಗೆ ಹೋಗುವ ಹಕ್ಕು ಇರುವ ಬೇರೆ ಜಾಗವೂ ಸೇರ್ತದೆ. ಆಸ್ಪತ್ರೆಯ ಅಂಗಳ ಅದರೊಳಗೆ ಬರ್ತದಾ ಇಲ್ವಾ ಅಂತ ವಕೀಲರು ಎರಡೂ ಕಡೆ ವಾದ ಮಾಡ್ಬಹುದು. ಮಧ್ಯಾಹ್ನದ ಬಿಸಿಲಲ್ಲಿ ಹಂಪನಕಟ್ಟೆ ಸಿಗ್ನಲ್ ನೋಡಿಕೊಳ್ಳುವ ಪೊಲೀಸಿನವರು ಆ ವಾದಕ್ಕೆ ಇಳೀಬೇಕು ಅಂತ ನಾವು ಕಾಯುದು ಬೇಡ.

ಬಿಲ್ಡಿಂಗ್ ಕಡೆ ತಿರುಗಿದ್ರೆ ಕಾನೂನು ಗಟ್ಟಿ ಉಂಟು. 2016ರ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದ್ರೆ ಸರ್ಕಾರದ್ದು ಮಾತ್ರ ಅಲ್ಲ, ಖಾಸಗಿಯವರದ್ದಾದ್ರೂ ಜನ ಬಂದು ಹೋಗುವಂತದ್ದು ಎಲ್ಲ ಸೇರ್ತದೆ, ಆಸ್ಪತ್ರೆ, ಮಾಲ್, ಕಾಲೇಜು, ದೇವಸ್ಥಾನ, ಬಸ್‌ಸ್ಟ್ಯಾಂಡ್. 44ನೇ ಸೆಕ್ಷನ್ ಹೇಳುದು, ನಿಯಮದ ಪ್ರಕಾರ ಅಂಗವಿಕಲರಿಗೆ ಅನುಕೂಲ ಇಲ್ಲದಿದ್ರೆ ಪ್ಲಾನ್ ಪಾಸ್ ಮಾಡ್ಬಾರ್ದು, ಕಂಪ್ಲೀಶನ್ ಸರ್ಟಿಫಿಕೇಟ್ ಕೊಡ್ಬಾರ್ದು. 45ನೇ ಸೆಕ್ಷನ್ ಹೇಳುದು, ಹಳೇ ಕಟ್ಟಡಗಳನ್ನೂ ನಿಯಮ ಬಂದ 5 ವರ್ಷದೊಳಗೆ ಸರಿ ಮಾಡ್ಬೇಕು. ನಿಯಮ ಬಂದದ್ದು 2017ರ ಜೂನಲ್ಲಿ, ಲೆಕ್ಕ ಹಾಕಿದ್ರೆ 2022ಕ್ಕೆ ಆ ಗಡುವು ಮುಗಿದಿದೆ. 46ರಲ್ಲಿ ಸೇವೆ ಕೊಡುವವರಿಗೆ, ಖಾಸಗಿಯವರಿಗೂ ಸೇರಿ, 2 ವರ್ಷದ್ದೇ ಗಡುವು. ಕಾಯ್ದೆ ಮುರಿದ್ರೆ 89ರಲ್ಲಿ ಮೊದಲ ಸಲ 10,000 ರೂಪಾಯಿ ವರೆಗೆ ದಂಡ, ಮತ್ತೆ ಮುರಿದ್ರೆ 50,000ದಿಂದ 5 ಲಕ್ಷದ ತನಕ.

ಒಂದು ತೊಡಕು ಇತ್ತು, ಅದನ್ನು ಮುಚ್ಚಿಡುದಿಲ್ಲ. 2017ರ ನಿಯಮದ 15ನೇ ನಿಯಮದಲ್ಲಿ ಇದ್ದದ್ದು ಗೈಡ್‌ಲೈನ್ಸ್ ಭಾಷೆ, ಮಾಡಿದ್ರೆ ಒಳ್ಳೇದು ಅನ್ನುವ ಹಾಗೆ. ರಾಜೀವ್ ರಟೂರಿ ಕೇಸಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ಕ್ಕೆ ಇದನ್ನೇ ಹಿಡಿದು, ಕಾಯ್ದೆ ಕಡ್ಡಾಯ ಅಂತ ಹೇಳುವಾಗ ನಿಯಮ ಐಚ್ಛಿಕ ಆಗ್ಲಿಕ್ಕೆ ಆಗುದಿಲ್ಲ ಅಂತ 15(1)ನ್ನು ಕಾಯ್ದೆಗೆ ವಿರುದ್ಧ ಅಂತ ಹೇಳಿತು, ಮೂರು ತಿಂಗಳಲ್ಲಿ ಕಡ್ಡಾಯದ ಕನಿಷ್ಠ ಮಟ್ಟ ಬೇರೆ ಮಾಡಿ ನಿಯಮ ಮಾಡಿ ಅಂತ ಕೇಂದ್ರಕ್ಕೆ ಆದೇಶ ಕೊಟ್ಟಿತು. ನೀವು ಪತ್ರ ಬರೆಯುವಾಗ ಈ ತೀರ್ಪಿನ ಹೆಸರು ಒಂದು ಸಾಲಲ್ಲಿ ಹಾಕಿ, ಓದುವ ಆಫೀಸರ್ ಸ್ವಲ್ಪ ನೆಟ್ಟಗೆ ಕೂರ್ತಾರೆ.

ಜಾಗದ ಅಳತೆಯೂ ಬರೇ ಚಿತ್ರ ಬಿಡಿಸಿದ್ರೆ ಆಗುವಂತದ್ದಲ್ಲ. ನಮ್ಮ ಮಾದರಿ ಕಟ್ಟಡ ಬೈಲಾದಲ್ಲಿ ಎಂಟ್ರೆನ್ಸ್ ಹತ್ರ ಎರಡು ಕಾರಿನ ಜಾಗ, ಬಾಗಿಲಿಂದ 30 ಮೀಟರ್ ಒಳಗೆ, ಅಗಲ ಕನಿಷ್ಠ 3.6 ಮೀಟರ್, ಇದು ವೀಲ್‌ಚೇರ್ ಬಳಸುವವರಿಗೆ ಅಂತ ಎದ್ದು ಕಾಣುವ ಬೋರ್ಡ್, ಇಷ್ಟು ಉಂಟು. ಮಾಮೂಲಿ ಕಾರಿನ ಜಾಗ ಎರಡೂವರೆ ಮೀಟರ್ ಅಗಲ. ಆ ಜಾಸ್ತಿ ಒಂದು ಮೀಟರ್‌ನಷ್ಟು ಯಾಕೆ ಅಂತ ನಿಮಗೆ ಹೇಳ್ಬೇಕಾ, ಅಮ್ಮನನ್ನು ಇಳಿಸುವಾಗ ಬಾಗಿಲು ಪೂರ್ತಿ ತೆರೀಬೇಕು, ಬಾಗಿಲಿಗೂ ಸೀಟಿಗೂ ನಡುವೆ ವೀಲ್‌ಚೇರ್ ಓರೆಯಾಗಿ ಬಂದು ನಿಲ್ಲಬೇಕು, ಬ್ರೇಕ್ ಹಾಕ್ಬೇಕು, ಸ್ವಾಧೀನ ಇರುವ ಎಡಗೈಯಲ್ಲಿ ಅವರು ಹಿಡ್ಕೊಳ್ಳುವಾಗ ನೀವು ಕಂಕುಳಡಿಗೆ ಕೈ ಕೊಟ್ಟು ನಿಲ್ಲಿಸಿ ತಿರುಗಿಸ್ಬೇಕು, ಜೂನ್ ಜುಲೈಯಲ್ಲಾದ್ರೆ ಇನ್ನೊಬ್ಬರು ಕೊಡೆ ಹಿಡಿದು ಹಿಂದೆ ನಿಲ್ಲಬೇಕು. ಎರಡೂವರೆ ಮೀಟರಲ್ಲಿ ಪಕ್ಕದ ಕಾರಿನ ಮಿರರ್ ಬೆನ್ನಿಗೆ ತಾಗ್ತದೆ. ನಮ್ಮ ಕಡೆ ಇನ್ನೊಂದು ರಗಳೆ ಅಂದ್ರೆ ಇಂಟರ್‌ಲಾಕ್, ಎರಡು ಮಳೆಗಾಲ ಕಳೆದ್ರೆ ಪಾಚಿ ಕಟ್ಟಿ ಜಾರ್ತದೆ, ಒಂದೊಂದು ಕಲ್ಲು ಎದ್ದು ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ಸಿಕ್ಕಿ ಹಾಕಿಕೊಳ್ತದೆ. ಆ ಜಾಗ ಬೇಸ್‌ಮೆಂಟಲ್ಲಿ ಕೊಟ್ಟಿದ್ರೆ ಮತ್ತೂ ಕಷ್ಟ. ನೀವು ಮುಂದಿನ ಸಲ ಹೋಗುವಾಗ ಒಂದು ಟೇಪ್ ತಗೊಂಡು ಹೋಗಿ ಅಗಲ ಅಳೆದು ಫೋಟೋ ತೆಗೀರಿ, ಆ ಫೋಟೋ ನಾಲ್ಕು ಪುಟದ ದೂರಿಗಿಂತ ಜಾಸ್ತಿ ಕೆಲಸ ಮಾಡ್ತದೆ.

ಇನ್ನು ನಡ್ಕೊಂಡು ಹೋದ್ರಲ್ಲ ಆ ದೊಡ್ಡ ಗಾಡಿಯವರು. ಅವರು ಕಳ್ಳರು ಅಂತ ಆಗ್ಲೇ ತೀರ್ಮಾನ ಮಾಡ್ಬೇಡಿ. ಕಾಯ್ದೆಯ ಆ 21 ಬಗೆಯ ಅಂಗವೈಕಲ್ಯದಲ್ಲಿ ಹೊರಗೆ ಕಾಣದ್ದು ತುಂಬಾ ಉಂಟು, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫೀಲಿಯಾ, ಥಲಸ್ಸೀಮಿಯಾ, ಆಟಿಸಂ. ಇಂಗ್ಲೆಂಡಲ್ಲಿ 2019ರಲ್ಲಿ ಕಾಣದ ಅಂಗವೈಕಲ್ಯಕ್ಕೂ ಬ್ಲೂ ಬ್ಯಾಡ್ಜ್ ಕೊಡ್ಲಿಕ್ಕೆ ಶುರು ಮಾಡಿದ್ರು. ಇಲ್ಲಿ ನನಗೆ ಒಂದು ಅಭಿಪ್ರಾಯ ಉಂಟು, ಒಪ್ಪದವರೂ ಇರ್ತಾರೆ: 3.6 ಮೀಟರ್ ಜಾಗ ಬಾಗಿಲು ಪೂರ್ತಿ ತೆರೀಬೇಕಾದವರಿಗೆ ಮೊದಲು ಸಿಗ್ಬೇಕು, ನಡೀಲಿಕ್ಕೆ ಸುಸ್ತಾಗುವವರಿಗೆ ಬಾಗಿಲ ಹತ್ರ ಮಾಮೂಲಿ ಅಗಲದ್ದು ಬೇರೆ ಎರಡು ಕೊಟ್ರೆ ಆಯ್ತು, ಇಬ್ಬರನ್ನೂ ಒಂದೇ ಜಾಗಕ್ಕೆ ಜಗಳಕ್ಕೆ ಬಿಡುದು ಯಾಕೆ. ಕಾರ್ಡೇ ಇಲ್ಲದೆ ಅಥವಾ ಸುಳ್ಳು ಕಾರ್ಡ್ ತೋರಿಸಿ ಸವಲತ್ತು ಹೊಡೆಯುವವರಿಗೆ ಮಾತ್ರ 2016ರ ಕಾಯ್ದೆಯ 91ನೇ ಸೆಕ್ಷನ್ ಉಂಟು, ಬೆಂಚ್‌ಮಾರ್ಕ್ ಅಂಗವೈಕಲ್ಯದವರಿಗೆ ಮೀಸಲಾದದ್ದನ್ನು ಮೋಸದಿಂದ ಪಡೆದ್ರೆ 2 ವರ್ಷದ ತನಕ ಜೈಲು ಅಥವಾ 1 ಲಕ್ಷದ ತನಕ ದಂಡ ಅಥವಾ ಎರಡೂ. ಪಾರ್ಕಿಂಗಿಗೆ ಇದನ್ನು ಹಾಕುದು ಸುಲಭ ಅಲ್ಲ, ಮೋಸದ ಉದ್ದೇಶ ಸಾಬೀತು ಮಾಡ್ಬೇಕು. ಹಾಂ, ಇದು ನಿಮಗೂ ಅನ್ವಯ ಆಗ್ತದೆ, ಅಮ್ಮ ಕಾರಲ್ಲಿ ಇಲ್ಲದ ದಿನ ಬರೇ ಮದ್ದು ತರ್ಲಿಕ್ಕೆ ಹೋಗುವಾಗ ಅವರ ಕಾರ್ಡ್ ತೋರಿಸಿ ಅಲ್ಲಿ ಗಾಡಿ ಇಡ್ಬೇಡಿ.

ಈಗ ಎಂತ ಮಾಡುದು. ಮೊದಲು ಆಸ್ಪತ್ರೆಯ ಅಡ್ಮಿನಿಸ್ಟ್ರೇಟರ್‌ಗೆ ಒಂದು ಪುಟದ ಪತ್ರ, ಸೆಕ್ಯುರಿಟಿಯವನ ಮೇಲೆ ದೂರು ಬೇಡ, ಅವನು ಏಜೆನ್ಸಿಯ ಸಂಬಳಕ್ಕೆ ಹನ್ನೆರಡು ಗಂಟೆ ನಿಲ್ಲುವವ, ಯಾರು ಹೇಳಿಕೊಟ್ಟದ್ದೋ ಅದನ್ನು ಹೇಳ್ತಾನೆ. ಕೇಳ್ಬೇಕಾದ್ದು ಮೂರು: ಪ್ರಯಾಣಿಕರು ಅಂಗವಿಕಲರಾದ್ರೂ ಜಾಗ ಕೊಡ್ಬೇಕು ಅಂತ ಗೇಟಿಗೆ ಲಿಖಿತ ಸೂಚನೆ, ಯುಡಿಐಡಿ ಕಾರ್ಡ್ ತೋರಿಸಿದ್ರೆ ಸಾಕು ಅಂತ ಬೋರ್ಡ್, ಮತ್ತೆ ಅಳತೆ ಸರಿ ಮಾಡುದು. ಪತ್ರ ಕೊಟ್ಟು ಸೀಲ್ ಹಾಕಿದ ಪ್ರತಿ ತಗೊಳ್ಳಿ. ನಿಜ ಹೇಳ್ಬೇಕಂದ್ರೆ ಹೆಚ್ಚಿನ ಕೇಸ್ ಇಲ್ಲೇ ಮುಗೀತದೆ, ಆಸ್ಪತ್ರೆಯವರಿಗೆ ಹೆಸರು ಕೆಡುದು ಬೇಡ.

ಅವರು ಸುಮ್ಮನೆ ಕೂತ್ರೆ ಆರ್‌ಟಿಐ. ಕಟ್ಟಡ ಸಿಟಿ ಲಿಮಿಟಲ್ಲಿ ಇದ್ರೆ ಲಾಲ್‌ಬಾಗಿನ ಮಹಾನಗರ ಪಾಲಿಕೆಗೆ ಹಾಕಿ, 10 ರೂಪಾಯಿ ಫೀಸ್, ಮಂಜೂರಾದ ಪ್ಲಾನಿನ ಪಾರ್ಕಿಂಗ್ ಡ್ರಾಯಿಂಗ್ ಮತ್ತೆ ಕಂಪ್ಲೀಶನ್ ಸರ್ಟಿಫಿಕೇಟಿನ ಪ್ರತಿ ಕೇಳಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ಹಾಗಾಗಿ ಕತೆ ಬರೀಲಿಕ್ಕೆ ಹೋಗ್ಬೇಡಿ. 30 ದಿನದಲ್ಲಿ ಉತ್ತರ ಬರ್ಬೇಕು. ಎಷ್ಟೋ ಕಡೆ ಪ್ಲಾನಲ್ಲಿ ಅಂಗವಿಕಲರ ಪಾರ್ಕಿಂಗ್ ಚಂದ ಮಾಡಿ ಬರೆದಿರ್ತಾರೆ, ಹೋಗಿ ನೋಡಿದ್ರೆ ಅಲ್ಲಿ ಜನರೇಟರ್ ಅಥವಾ ಜ್ಯೂಸ್ ಅಂಗಡಿ ಇರ್ತದೆ. ಅಂತದ್ದು ಸಿಕ್ಕಿದ್ರೆ ನಿಮ್ಮ ಕೇಸ್ ಅರ್ಧ ಗೆದ್ದ ಹಾಗೆ, ಅದು ಅಂಗವಿಕಲರ ಕಾಯ್ದೆಯ ಜೊತೆ ಪ್ಲಾನ್ ಉಲ್ಲಂಘನೆಯೂ ಆಗ್ತದೆ, ಪಾಲಿಕೆ ನೇರ ನೋಟಿಸ್ ಕೊಡ್ಬಹುದು.

ಅದರ ನಂತರ ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರು. ಅವರಿಗೆ ದೂರು ಕೊಡ್ಲಿಕ್ಕೆ ವಕೀಲರು ಬೇಕಂತಿಲ್ಲ, ಸಾಕ್ಷಿ ಕರೆಸುದು, ದಾಖಲೆ ತರಿಸುದು ಇದಕ್ಕೆಲ್ಲ ಸಿವಿಲ್ ಕೋರ್ಟಿನ ಅಧಿಕಾರ ಅವರಿಗೆ ಉಂಟು, ಅವರು ಶಿಫಾರಸು ಮಾಡಿದ್ರೆ ಸಂಬಂಧಪಟ್ಟವರು ಮೂರು ತಿಂಗಳಲ್ಲಿ ಎಂತ ಕ್ರಮ ತಗೊಂಡ್ರು ಅಂತ ತಿಳಿಸ್ಬೇಕು, ಒಪ್ಪದಿದ್ರೆ ಕಾರಣ ಕೊಡ್ಬೇಕು. ಪತ್ರ, ಟೇಪ್ ಹಿಡಿದ ಫೋಟೋ, ಆರ್‌ಟಿಐ ಉತ್ತರ, ಕಾರ್ಡಿನ ಪ್ರತಿ ಇಷ್ಟು ಸೇರಿಸಿ ಕಳಿಸಿ, ಒಂದು ಪ್ರತಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೂ ಹಾಕಿ. ಆಸ್ಪತ್ರೆ ಮಂಗಳೂರಲ್ಲಿರೋದ್ರಿಂದ ದಕ್ಷಿಣ ಕನ್ನಡದವರಿಗೆ, ಮಣಿಪಾಲದ ರಜತಾದ್ರಿಯಲ್ಲಿರುವ ಉಡುಪಿಯವರಿಗಲ್ಲ, ಇದು ತುಂಬಾ ಜನ ತಪ್ಪಿ ಹಾಕ್ತಾರೆ. ಫೋನಲ್ಲಿ ಇಂತ ದೂರು ಹಾಕ್ಲಿಕ್ಕೆ ಕೇಂದ್ರ ಸರ್ಕಾರದ ಸುಗಮ್ಯ ಭಾರತ್ ಆ್ಯಪ್ ಉಂಟು, ಅದರಲ್ಲೂ ಫೋಟೋ ಹಾಕ್ಬಹುದು, ಹಾಕಿ ಬಿಡಿ, ಆದ್ರೆ ಅದೊಂದನ್ನೇ ನಂಬಿ ಕೂರ್ಬೇಡಿ.

ರೋಡ್ ಬದಿಯ ಜಾಗಕ್ಕೆ ಬೇರೆ ದಾರಿ. ಉಡುಪಿಯಲ್ಲಿ ನಿಮಗೆ ದಿನಾ ಬೇಕಾಗುವ ಕಡೆ, ಬ್ಯಾಂಕ್ ಎದುರೋ ರಥಬೀದಿ ಹತ್ರವೋ, ಅಂಗವಿಕಲರಿಗೆ ಜಾಗ ಮೀಸಲಿಡಿ ಅಂತ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ, ಪ್ರತಿ ಎಸ್‌ಪಿಗೆ. ಅರ್ಜಿಯಲ್ಲಿ "ಅಧಿಸೂಚನೆ ಹೊರಡಿಸಿ ಬೋರ್ಡ್ ಹಾಕ್ಬೇಕು" ಅಂತ ಬಿಡಿಸಿ ಬರೀರಿ, ಬರೇ "ವ್ಯವಸ್ಥೆ ಮಾಡಿ" ಅಂದ್ರೆ ಒಂದು ಡಬ್ಬ ಪೇಂಟ್ ತಂದು ನೆಲಕ್ಕೆ ಬಳಿದು ಹೋಗ್ತಾರೆ, ಆಮೇಲೆ ಅಲ್ಲಿ ಯಾರು ನಿಲ್ಲಿಸಿದ್ರೂ ಪೊಲೀಸರಿಗೆ ಫೈನ್ ಹಾಕ್ಲಿಕ್ಕೆ ಬರುದಿಲ್ಲ.